ಅಮ್ಮನ ರಾಮಕೋಟಿ ಪುಸ್ತಕದಲ್ಲಿ ಶ್ರೀರಾಮದ ನಡುವೆ ಬೇರೆ ಮಾತೂ ಇದೆ. ಏನು ಮಾಡಲಿ?

ಸಂಪಿಗೆಮರ · ಸೋಮವಾರ, ಸಂಜೆ 6.10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 62. ತುಮಕೂರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಆಮೇಲೆ ಅಮ್ಮ ಊಟ ಬಿಟ್ಟರು, ನಿದ್ದೆ ಹೋಯ್ತು. ಟಿವಿ ಮುಂದೆ ಕೂತಿರೋರು, ಏನು ಬರ್ತಿದೆ ಅಂದ್ರೆ ಗೊತ್ತಿರ್ತಿರಲಿಲ್ಲ. ಕಳೆದ ವರ್ಷ ಮನೋವೈದ್ಯರಿಗೆ ತೋರಿಸಿದೆ. ಖಿನ್ನತೆ ಅಂದ್ರು, ಮಾತ್ರೆ ಶುರುವಾಯ್ತು. ಮೂರು ತಿಂಗಳಿಗೆ ಬಾಗಿಲಿಗೆ ಮತ್ತೆ ರಂಗೋಲಿ ಬಂತು. ಅದೇ ಹೊತ್ತಿಗೆ ಭಜನಾ ಮಂಡಳಿಯ ಒಬ್ಬರು ರಾಮಕೋಟಿ ಪುಸ್ತಕ ತಂದುಕೊಟ್ಟರು. ಅಮ್ಮ ದಿನಾ ಬರೆಯೋಕೆ ಕೂತರು, ನನಗೂ ಖುಷಿಯಾಯ್ತು.

ನಿನ್ನೆ ಊರಿಗೆ ಹೋದಾಗ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಐದು ವಾರದ ಮಾತ್ರೆ ಹಾಗೇ ಇದೆ. "ರಾಮನ ಹೆಸರು ಬರೆಯೋರಿಗೆ ಮಾತ್ರೆ ಯಾಕೆ ಅಂದ್ರು ಮಂಡಳೀಲಿ. ನಂಗೂ ಸರಿ ಅನ್ನಿಸ್ತು" ಅಂದ್ರು ಅಮ್ಮ.

ಅವರು ಸ್ನಾನಕ್ಕೆ ಹೋದಾಗ ಪುಸ್ತಕ ತೆಗೆದೆ. ತಪ್ಪು ಅಂತ ಗೊತ್ತು. ಪುಟಕ್ಕೆ 108 ಮನೆ, ಒಂದೊಂದರಲ್ಲೂ ಹಸಿರು ಇಂಕಿನಲ್ಲಿ ಒಂದು ಶ್ರೀರಾಮ. ಮೂರು ಪುಸ್ತಕ ಹೀಗೇ. ನಾಲ್ಕನೇದರ ನಡುವಿನಿಂದ ಕೆಲವು ಮನೆಗಳಲ್ಲಿ ಶ್ರೀರಾಮ ಇಲ್ಲ. ಅದೇ ಅಳತೆಯ ಅಕ್ಷರದಲ್ಲಿ "ನಿದ್ದೆ ಇಲ್ಲ" ಅಂತಿದೆ. ಮತ್ತೆ ಮೂರು ಸಾಲು ಶ್ರೀರಾಮ, ಆಮೇಲೆ ಒಂದು ಮನೇಲಿ "ಯಾರಿಗೆ ಅಡುಗೆ". ಇನ್ನೊಂದು ಪುಟದ ಕೊನೇ ಮನೇಲಿ "ಸಾಕು ರಾಮ ಕರ್ಕೋ".

ಓದಿದೆ ಅಂತ ಅಮ್ಮನಿಗೆ ಹೇಳಲಾ? ಈ ಪುಸ್ತಕದಿಂದ ಅವರಿಗೆ ಒಳ್ಳೇದಾಗ್ತಿದೆಯೋ ಕೆಟ್ಟದ್ದಾಗ್ತಿದೆಯೋ ಅದೂ ತಿಳೀತಿಲ್ಲ. ಬೆಂಗಳೂರಿಗೆ ವಾಪಸ್ ಬಂದಿದ್ದೀನಿ, ಕೆಲಸದಲ್ಲಿ ಮನಸ್ಸು ನಿಲ್ತಿಲ್ಲ.

ಹಳೇಮೇಷ್ಟ್ರು · 6.32

ತಂಗಿ, ಗಾಬರಿ ಮಾಡ್ಕೋಬೇಡಮ್ಮ. "ದೇವ್ರೇ, ಕರ್ಕೋಪ್ಪಾ" ಅನ್ನದ ಹಿರಿಯರು ಯಾವ ಮನೇಲಿದ್ದಾರೆ? ನಮ್ಮ ತಾಯಿ ಮಂಡಿ ನೋವು ಬಂದಾಗಲೆಲ್ಲ ಅಂತಿದ್ರು, 91 ವರ್ಷ ಬದುಕಿದ್ರು. ಅದು ನಮ್ಮ ಕಡೆ ಮಾತಿನ ರೂಢಿ.

ರಾತ್ರಿಪಾಳಿ · 6.51

ಮೇಷ್ಟ್ರೇ, ಕ್ಷಮಿಸಿ, ಇದನ್ನ ಒಪ್ಪೋಕಾಗಲ್ಲ. ನಾನು 19 ವರ್ಷದಿಂದ ಮನೋರೋಗ ವಿಭಾಗದಲ್ಲಿ ನರ್ಸ್. ಮಂಡಿ ಹಿಡ್ಕೊಂಡು ಎಲ್ಲರ ಮುಂದೆ "ಕರ್ಕೋಪ್ಪಾ" ಅನ್ನೋದು ಬೇರೆ. ನಿದ್ದೆ ಕೆಟ್ಟು, ಮಾತ್ರೆ ಬಿಟ್ಟು, ಒಬ್ಬರೇ ಕೂತು, ಯಾರೂ ಓದಲ್ಲ ಅಂದ್ಕೊಂಡ ಜಾಗದಲ್ಲಿ ಬರೆಯೋದು ಬೇರೆ. ರೂಢಿಯ ಮಾತಿನ ಮರೆಯಲ್ಲೇ ನಿಜವಾದ ಮಾತು ಎಷ್ಟು ಸಲ ತಪ್ಪಿಹೋಗಿದೆ ಅಂತ ನಾನು ಕಣ್ಣಾರೆ ನೋಡಿದ್ದೀನಿ.

ಸಂಪಿಗೆಮರ, ಇವತ್ತೇ ಮಾಡಬೇಕಾದ್ದು ಹೇಳ್ತೀನಿ. ಮೊದಲು, ಆ ಐದು ವಾರದ ಮಾತ್ರೆ ಅಮ್ಮನ ಕೈಗೆ ಸಿಗೋ ಹಾಗೆ ಇರಬಾರದು. ನಂಬಿಕೆಯ ಪಕ್ಕದ ಮನೆಯವರಿಗೆ ಫೋನ್ ಮಾಡಿ ತೆಗೆಸಿಡಿ. ಇವತ್ತು ರಾತ್ರಿ ಅವರು ಒಬ್ಬರೇ ಮಲಗೋದು ಬೇಡ, ನೀವೇ ಹೋಗಿ. ಮಾತ್ರೆಯನ್ನ ಹಳೇ ಡೋಸ್‌ನಲ್ಲಿ ನೀವಾಗಿ ಶುರು ಮಾಡಿಸಬೇಡಿ, ಐದು ವಾರ ಬಿಟ್ಟಿದ್ದಾರೆ ಅಂತ ಡಾಕ್ಟರಿಗೆ ಹೇಳಿ, ಅವರು ಹೇಳಿದ ಹಾಗೆ ಮಾಡಿ. ಆಮೇಲೆ ಅಮ್ಮನನ್ನ ನೇರವಾಗಿ ಕೇಳಿ: "ಅಮ್ಮಾ, ಸಾಯಬೇಕು ಅಂತ ಅನ್ನಿಸುತ್ತಾ?" ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅಂತ ಜನ ಹೆದರ್ತಾರೆ. ಹಾಗಾಗಲ್ಲ. ಕೇಳಿದ ಮೇಲೆ ಎಷ್ಟೋ ಜನ ಹಗುರಾಗಿ ಅಳ್ತಾರೆ.

ದಾರಿಯಲ್ಲೇ ಟೆಲಿ ಮಾನಸ್‌ಗೆ, ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಫೋನ್ ಮಾಡಿ, 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಸಂಪಿಗೆಮರ · 7.05

ಬಸ್ಸಿನಲ್ಲಿದ್ದೀನಿ. ಪಕ್ಕದ ಮನೆ ಆಂಟಿ ಡಬ್ಬಿ ತಗೊಂಡು ಹೋದ್ರಂತೆ, ನಾನು ಬರೋವರೆಗೂ ಅಮ್ಮನ ಜೊತೆ ಇರ್ತಾರೆ. 14416ಗೆ ಮಾಡಿದೆ, ಮಾತಾಡಿದ ಹುಡುಗಿ ಆತುರ ಮಾಡದೆ ಕೇಳಿಸ್ಕೊಂಡಳು. ರಾತ್ರಿಪಾಳಿ ಅಕ್ಕ, ನಿಮ್ಮ ಋಣ ದೊಡ್ಡದು.

ಹಳೇಮೇಷ್ಟ್ರು · 7.11

ಮಾತು ವಾಪಸ್ ತಗೊಂಡೆ. ಹೋಗಿ ಬಾಮ್ಮ.

ಕಾರ್ಯಕಾರಣ · 7.40

ಎಲ್ಲರೂ ಮೆತ್ತಗೆ ಮಾತಾಡ್ತಿದ್ದೀರಿ. ಮಾತ್ರೆ ಬಿಡಿಸಿದ್ದು ಆ ಭಜನಾ ಮಂಡಳಿ ತಾನೇ? ಸಕ್ಕರೆ ಕಾಯಿಲೆಯವರಿಗೆ "ರಾಮನಾಮ ಬರಿ, ಇನ್ಸುಲಿನ್ ಬೇಡ" ಅಂದಿದ್ರೆ ಸುಮ್ನಿರ್ತಿದ್ವಾ? ನಿಮ್ಹಾನ್ಸ್ ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರೋ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಗ್ತಿಲ್ಲ. ಸಿಕ್ಕ ಹದಿನೈದು ಜನರಲ್ಲಿ ಒಬ್ಬರನ್ನ ಮಂಡಳಿಯವರು ಹೊರಗೆಳೆದಿದ್ದಾರೆ. ಆ ಪುಸ್ತಕ ಎತ್ತಿಡಿ ಅನ್ನೋದೇ ನನ್ನ ಸಲಹೆ.

ರಾತ್ರಿಪಾಳಿ · 7.48

ಪುಸ್ತಕ ಕಿತ್ಕೋಬೇಡಿ! ಅಮ್ಮ ಮನಸ್ಸಿನಲ್ಲಿರೋದನ್ನ ಹೇಳ್ಕೊಂಡಿರೋದು ಅದೊಂದರಲ್ಲೇ.

ಭೀಮಾದಂಡಿ · 8.15

ಕಾರ್ಯಕಾರಣ ಅವರ ಸಿಟ್ಟು ನನಗ ತಿಳೀತದ. ಆದ್ರ ನಮ್ಮನಿ ಕಥಿ ಕೇಳ್ರಿ. ನನ್ನ ತಮ್ಮಗ ಹತ್ತೊಂಬತ್ತು ವರ್ಷ ಇದ್ದಾಗ ಕಿವ್ಯಾಗ ಮಾತು ಕೇಳಸಾಕ ಹತ್ತಿದ್ವು. ಊಟದಾಗ ವಿಷ ಹಾಕ್ಯಾರ ಅಂತಿದ್ದ. ಗಾಳಿ ಹಿಡದೈತಿ ಅಂದ್ರು ಊರಾಗ. ಒಂದು ವಾರ ಮನ್ಯಾಗ ಕಂಬಕ್ಕ ಕಟ್ಟಿ ಹಾಕಿದ್ವಿ. ಬರಿಯಾಕ ಕೈ ನಡಗತಾವ, ಆದ್ರ ಖರೇ ಅದ.

ಆಮ್ಯಾಲ ಗಾಣಗಾಪುರದ ದತ್ತನ ಗುಡಿಗೆ ಕರಕೊಂಡು ಹೋದ್ವಿ. ನೋಡಿದವರಿಗೆ ಗೊತ್ತು, ಮಧ್ಯಾಹ್ನ ಮಹಾಮಂಗಳಾರತಿ ಹೊತ್ತಿನ್ಯಾಗ ಕಂಬ ಏರಾವ್ರು, ಚೀರಾವ್ರು, ಉರುಳಾಡಾವ್ರು. ಅಲ್ಲೆ ಯಾರೂ ನನ್ನ ತಮ್ಮನ ಕಡೆ ಬೆರಳ ಮಾಡಲಿಲ್ಲ. ಅದ ಮೊದಲ ಸಲ ನಮ್ಮವ್ವ ತಲಿ ಎತ್ತಿ ನಾಕು ಮಂದಿ ನಡುವ ಕುಂತಳು. ಭೀಮಾ-ಅಮರ್ಜಾ ಸಂಗಮದಾಗ ದಿನಾ ಜಳಕ, ಮಧ್ಯಾಹ್ನ ಮಾಧುಕರಿ, ಅಂದ್ರ ಮನಿ ಮನಿ ಭಿಕ್ಷಾ ಬೇಡಿ ಉಣ್ಣೂದು. ಒಂದೂವರಿ ತಿಂಗಳು ಇದ್ವಿ. ತಮ್ಮ ಶಾಂತ ಆದ, ಆದ್ರ ಮಾತು ಕೇಳೂದು ನಿಲ್ಲಲಿಲ್ಲ. ಅಲ್ಲೇ ಪರಿಚಯ ಆದ ವಿಜಯಪುರದ ಹೆಣಮಗಳೊಬ್ಬಾಕಿ ಹೇಳಿದ್ಳು, "ದತ್ತನ ಪಾದಾನೂ ಬಿಡಬ್ಯಾಡ್ರಿ, ಧಾರವಾಡ ದವಾಖಾನಿಗೂ ಹೋಗ್ರಿ" ಅಂತ. ಡಿಮ್ಹಾನ್ಸ್‌ಗೆ ಹೋದ್ವಿ. ಈಗ ಹನ್ನೊಂದು ವರ್ಷಾತು, ಗುಳಿಗಿ ನಡದಾವ, ಹೊಲಾ ನೋಡಕೋತಾನ. ಪ್ರತಿ ದತ್ತ ಜಯಂತಿಗೂ ಹೋಗ್ತಾನ, ಗುಳಿಗಿ ಚೀಟಿ ಕಿಸೆದಾಗ ಇಟಗೊಂಡು.

ಕಾರ್ಯಕಾರಣ · 8.29

ಅಣ್ಣ, ಇಷ್ಟು ಬಿಚ್ಚಿ ಬರೆದಿದ್ದಕ್ಕೆ ನಮಸ್ಕಾರ. ಓದೋ ಬೇರೆಯವರಿಗಾಗಿ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮಾನಸಿಕ ಕಾಯಿಲೆ ಇರೋರನ್ನ ಸರಪಳಿಯಲ್ಲಿ ಕಟ್ಟೋ ಹಾಗಿಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಇಂಥ ರೋಗಿಗಳನ್ನ ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದವರು ಓಡೋಕಾಗದೆ 28 ಜನ ಸತ್ತರು. ಅದನ್ನ ಮರೀಬಾರದು.

ಶರಾವತಿ_ಹಿನ್ನೀರು · 8.44

ದೇವಸ್ಥಾನದ ಮಾತು ಬಂತಲ್ಲ, ಅದಕ್ಕೆ. ನಿಮ್ಹಾನ್ಸ್‌ನ ವೈದ್ಯರೇ 2000ದಲ್ಲಿ ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದಿದ್ದ 31 ಜನರನ್ನ ನೋಡಿದ್ದರು. ಹೆಚ್ಚಿನವರು ತೀವ್ರ ಕಾಯಿಲೆಯವರೇ. ಅಲ್ಲಿ ಮಾತ್ರೆ ಇರಲಿಲ್ಲ, ಭೂತ ಬಿಡಿಸೋದೂ ಇರಲಿಲ್ಲ. ಬೆಳಿಗ್ಗೆ ಒಂದು ಪ್ರಾರ್ಥನೆ, ಆಮೇಲೆ ಗುಡಿಯ ಸಣ್ಣಪುಟ್ಟ ಕೆಲಸ, ಜೊತೆಗೆ ಮನೆಯವರೊಬ್ಬರು. ಸರಾಸರಿ ಆರು ವಾರ ಇದ್ದರು, ಕಾಯಿಲೆಯ ಲಕ್ಷಣ ಎಷ್ಟಿದೆ ಅಂತ ಅಳೆಯೋ ಅಂಕ ಹತ್ತಿರಹತ್ತಿರ 20% ಇಳೀತು. 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಹಾಗಾಗಿ ಎಲ್ಲವನ್ನೂ ಮೂಢನಂಬಿಕೆ ಅಂತ ತಳ್ಳಿಹಾಕೋದು ಮಂಡೆಗೆ ಹಿಡಿಸೂದಿಲ್ಲ.

ಕಾರ್ಯಕಾರಣ · 8.58

ಇದನ್ನ ನಾನೂ ಓದಿದ್ದೀನಿ. 31 ಜನ ತುಂಬ ಸಣ್ಣ ಸಂಖ್ಯೆ. ಆರು ವಾರ ಆದ ಮೇಲೆ ಏನಾಯ್ತು ಅನ್ನೋದೂ ಮುಖ್ಯ ಅಲ್ವಾ? ಅಲ್ಲಿ ಕೆಲಸ ಮಾಡಿದ್ದು ಬೈಯದೆ ನೋಡ್ಕೊಂಡ ಜನ, ಹೊತ್ತಿಗೆ ಊಟ, ಕೈಗೊಂದು ಕೆಲಸ. ಒಪ್ತೀನಿ. ಆದ್ರೆ ಅದರಿಂದ "ಮಾತ್ರೆ ಬಿಡಿ" ಅನ್ನೋ ತೀರ್ಮಾನ ಹುಟ್ಟಲ್ಲ.

ಶರಾವತಿ_ಹಿನ್ನೀರು · 9.02

ಮಾತ್ರೆ ಬಿಡಿ ಅಂತ ನಾನೂ ಹೇಳಿಲ್ಲ ಮಾರಾಯ್ರೇ. ಬೈಯದೆ ನೋಡ್ಕೊಳ್ಳೋ ಜನ ಅಂದ್ರಲ್ಲ, ಅದು ಆ ಅಮ್ಮನಿಗೆ ಬೇರೆಲ್ಲಿ ಸಿಕ್ತು? ಭಜನೇಲೇ ಅಲ್ದಾ?

ಎರಡನೇಸಾಲು · 9.30

ರಾಮನಾಮ ಬರೆಯೋದರ ಬಗ್ಗೆ ನನ್ನದೂ ಒಂದಿದೆ. ಹತ್ತಿರದವರಿಗೂ ಪೂರ್ತಿ ಹೇಳಿಲ್ಲ.

ಪಿಯುಸಿಯಲ್ಲಿದ್ದಾಗ ಅಜ್ಜಿ ಹೇಳಿದರು ಅಂತ ದಿನಾ 108 ಶ್ರೀರಾಮ ಬರೀತಿದ್ದೆ, ಪರೀಕ್ಷೆ ಚೆನ್ನಾಗಾಗಲಿ ಅಂತ. ಒಂದು ದಿನ "ಶ್ರೀ" ಬರೆಯುವಾಗ ಒತ್ತು ಸರಿಯಾಗಿ ಬೀಳಲಿಲ್ಲ. ದೇವರಿಗೆ ಅಪಚಾರ ಆಯ್ತು, ಅಪ್ಪನಿಗೇನೋ ಆಗುತ್ತೆ ಅನ್ನಿಸಿ ಆ ಪುಟ ಮೊದಲಿಂದ ಬರೆದೆ. ಮಾರನೇ ದಿನ ಬರೆಯುವಾಗ ಕೆಟ್ಟ ಯೋಚನೆ ಬಂತು, ಮತ್ತೆ ಮೊದಲಿಂದ. ಆರು ತಿಂಗಳಿಗೆ ಅದೇ 108 ಮುಗಿಸೋಕೆ ನಾಲ್ಕು ಗಂಟೆ. ಬೆರಳಿನ ಸಂದಿಯಲ್ಲಿ ಗುಳ್ಳೆ ಎದ್ದಿತ್ತು. ಮನೇಲಿ "ಎಷ್ಟು ಭಕ್ತಿ ನೋಡಿ ಮಗಂಗೆ" ಅಂತ ಬಂದವರಿಗೆಲ್ಲ ತೋರಿಸ್ತಿದ್ರು. ನನಗೆ ಭಕ್ತಿ ಇರಲಿಲ್ಲ, ಭಯ ಮಾತ್ರ ಇತ್ತು.

ಅದು ಓಸಿಡಿ, ಗೀಳು ಕಾಯಿಲೆ, ಅಂತ ತಿಳಿದಿದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ. ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞರು ಕೊಟ್ಟ ಅಭ್ಯಾಸ ಏನು ಗೊತ್ತಾ? ಬೇಕಂತಲೇ ಒಂದು ಅಕ್ಷರ ಸೊಟ್ಟ ಬರಿ, ತಿದ್ದಬೇಡ, ಪುಸ್ತಕ ಮುಚ್ಚಿ ಎದ್ದು ಹೋಗು. ಮೊದಲ ದಿನ ಬೆವತು ಶರ್ಟ್ ಒದ್ದೆ. ಅಜ್ಜಿಗೆ ಹೆದರ್ಕೊಂಡೇ ಹೇಳಿದೆ. ಅಜ್ಜಿ ಅಂದ್ರು, "ನಂಗೆ ಓದು ಬರ್ದೇ ಇದ್ದಾಗ ಬರೀ ಗೀಟು ಎಳೀತಿದ್ದೆ ಕಣೋ, ಅದನ್ನೂ ರಾಮ ಅಂತಾನೇ ತಗೊಂಡ." ಆ ಮಾತು, ಮಾತ್ರೆ, ಆ ಅಭ್ಯಾಸ, ಮೂರೂ ಸೇರಿ ನಾನು ಉಳಿದೆ.

ಸಂಪಿಗೆಮರ ಅವರೇ, ಅಮ್ಮ ಬರೆಯುವಾಗ ಮುಖ ನೋಡಿ. ಬರೆದು ಎದ್ದ ಮೇಲೆ ಹಗುರಾಗಿದ್ದಾರಾ, ಇನ್ನಷ್ಟು ಬಿಗಿಯಾಗಿದ್ದಾರಾ? ಅದರಲ್ಲೇ ನಿಮಗೆ ಉತ್ತರ ಸಿಗಬಹುದು.

ರಾತ್ರಿಪಾಳಿ · 9.41

ಮಗು, ಇದನ್ನ ಬರೆದು ಎಷ್ಟೋ ಜನಕ್ಕೆ ಉಪಕಾರ ಮಾಡಿದ್ದೀಯ. ಮಡಿ, ಜಪದ ಲೆಕ್ಕ, ಪ್ರದಕ್ಷಿಣೆ ಎಣಿಸೋದು, ಇವುಗಳ ಬೆನ್ನಿಗೆ ಗೀಳು ಅಡಗಿದ್ರೆ ಮನೆಯವರಿಗೆ ಗೊತ್ತಾಗೋದೇ ಇಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಪ್ರತ್ಯೇಕ ಓಸಿಡಿ ಕ್ಲಿನಿಕ್ ಇದೆ.

ಜರ್ಸಿಕನ್ನಡತಿ · 10.20

ನ್ಯೂಜೆರ್ಸಿಯಿಂದ. ಇಲ್ಲಿ ನಮ್ಮವರು ದೇವಸ್ಥಾನದಲ್ಲಿ ಸಿಕ್ಕಾಗ ಮಕ್ಕಳ ಕಾಲೇಜು ಮಾತಾಡ್ತೀವಿ, ಮನೆ ಸಾಲ ಮಾತಾಡ್ತೀವಿ, ಈ ವಿಷಯ ಮಾತ್ರ ಇಲ್ಲ. ನಾನು ಎರಡು ವರ್ಷದ ಹಿಂದೆ ಕೌನ್ಸೆಲಿಂಗ್‌ಗೆ ಹೋಗೋಕೆ ಶುರು ಮಾಡಿದೆ. ಆಕೆ ಒಳ್ಳೆಯವಳು. ಆದ್ರೆ "ಹೇಗನ್ನಿಸ್ತಿದೆ" ಅಂತ ಇಂಗ್ಲಿಷಿನಲ್ಲಿ ಕೇಳಿದಾಗ ನನ್ನ ಬಾಯಲ್ಲಿ ಬರ್ತಿದ್ದ ಉತ್ತರವೆಲ್ಲ ಆಫೀಸ್ ಮೀಟಿಂಗ್ ಥರ ಇತ್ತು. ಒಂದು ಸಲವೂ ಅಳು ಬರಲಿಲ್ಲ. ಮನೆಗೆ ಬಂದು ಒಂದು ರಾತ್ರಿ ಕನ್ನಡದಲ್ಲಿ "ಹೊಟ್ಟೇಲಿ ಏನೋ ಸಂಕಟ, ಊರಿಗೆ ಹೋದ್ರೂ ಹೋಗಲ್ಲ" ಅಂತ ಬರೆದೆ. ಅಲ್ಲೇ ಅಡುಗೆಮನೆ ನೆಲದ ಮೇಲೆ ಕೂತು ಅತ್ತೆ. ಈಗ ಕನ್ನಡದಲ್ಲಿ ಬರ್ಕೊಂಡು ಹೋಗಿ ಆಕೆಗೆ ಅರ್ಥ ಹೇಳ್ತೀನಿ. "ಸಂಕಟ" ಅನ್ನೋ ಪದ ಆಕೆಗೂ ಬರುತ್ತೆ ಈಗ.

ಹಳೇಮೇಷ್ಟ್ರು · 10.34

ಚೆನ್ನಾಗಿ ಹೇಳಿದಿರಿ. "ಖಿನ್ನತೆ" ಪತ್ರಿಕೆಯ ಪದ. ಮನೇಲಿ ಯಾರು ಬಳಸ್ತಾರೆ? ನಮ್ಮದೆಲ್ಲ "ಬೇಜಾರು". ಕೆಲಸವಿಲ್ಲದಿದ್ರೂ ಬೇಜಾರು, ಮಗ ಬೈದ್ರೂ ಬೇಜಾರು, ಬದುಕೇ ಬೇಡ ಅನ್ನಿಸಿದ್ರೂ ಬೇಜಾರು.

ಭೀಮಾದಂಡಿ · 10.39

ನಮ್ಮ ಕಡೆ "ಜೀವ ಬ್ಯಾಸರಾಗೇದ" ಅಂತಾರ್ರಿ. ಅದು ಬರೇ ಬ್ಯಾಸರ ಅಲ್ಲ, ತೂಕ ಬ್ಯಾರೆ.

ಶರಾವತಿ_ಹಿನ್ನೀರು · 10.42

ನಮ್ಮಲ್ಲಿ ಮಂಡೆಬಿಸಿ. ಮಂಗಳೂರಿನವರದ್ದೂ ಅದೇ.

ಹಸಿಬಾಣಂತಿ · 10.55

ಪದಗಳ ಮಾತು ಬಂದಿದ್ದಕ್ಕೆ ಹೇಳ್ತೀನಿ. ಹೆರಿಗೆಯಾಗಿ ಎಂಟನೇ ದಿನಕ್ಕೆ ನನಗೆ ಮಗು ನನ್ನದಲ್ಲ ಅನ್ನಿಸೋಕೆ ಶುರುವಾಯ್ತು. ನಿದ್ದೆ ಇಲ್ಲ, ಗೋಡೆ ಜೊತೆ ಮಾತು. ದೊಡ್ಡವರೊಬ್ಬರು ತೊಟ್ಟಿಲ ಪಕ್ಕ ನಿಂತು "ಹೋದ ಜನ್ಮದಲ್ಲಿ ಏನು ಕರ್ಮ ಮಾಡಿದ್ಯೋ" ಅಂದ್ರು. ಆರು ವರ್ಷ ಆಯ್ತು, ಆ ದನಿ ಹಾಗೇ ಕಿವಿಯಲ್ಲಿದೆ. ನನ್ನನ್ನ ಉಳಿಸಿದ್ದು ನಮ್ಮನೆ ಕೆಲಸಕ್ಕೆ ಬರೋ ಅಕ್ಕ. "ಇದು ಬಾಣಂತಿ ಸನ್ನಿ ಕಣವ್ವ, ಆಸ್ಪತ್ರೆಗೆ ಕರ್ಕೊಂಡೋಗಿ" ಅಂತ ಗಂಡನಿಗೆ ಹೇಳಿದ್ಲು. ಹಳಬರು ಇದಕ್ಕೆ ಕಾಯಿಲೆ ಅಂತಾನೇ ಹೆಸರಿಟ್ಟಿದ್ರು. ಕರ್ಮದ ಲೆಕ್ಕ ಆಮೇಲೆ ಎಲ್ಲಿಂದ ಬಂತೋ. ನಿಮ್ಹಾನ್ಸ್‌ನ ತಾಯಿ-ಮಗು ಘಟಕದಲ್ಲಿ ಮಗುವಿನ ಜೊತೆಗೇ ಸೇರಿಸ್ಕೊಂಡ್ರು, ಹಾಲು ಬಿಡಿಸಲಿಲ್ಲ. ಪೂರ್ತಿ ಹುಷಾರಾದೆ. ಲಲಿತಾ ಸಹಸ್ರನಾಮ ಈಗಲೂ ಹೇಳ್ತೀನಿ, ಆ ಹಿರಿಯರ ಎದುರು ಮಾತ್ರ ಹೇಳಲ್ಲ.

ಕಾರ್ಯಕಾರಣ · 11.03

ಆ ಅಕ್ಕನಿಗೆ ಕೈ ಮುಗೀತೀನಿ.

ಎರಡನೇಸಾಲು · 11.20

ಬರೆಯೋದರ ವಿಷಯಕ್ಕೆ ವಾಪಸ್ ಬರ್ತೀನಿ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಕಾಲೇಜು ಹುಡುಗರಿಗೆ ಮನಸ್ಸಿಗಾದ ದೊಡ್ಡ ಪೆಟ್ಟಿನ ಬಗ್ಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಸಿದ. ಬರೆದ ಕೂಡಲೇ ಅವರಿಗೆ ಇನ್ನೂ ಬೇಸರ ಆಗ್ತಿತ್ತು. ಆದ್ರೆ ಆದದ್ದನ್ನೂ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋಗೋದು ಕಡಿಮೆಯಾಯ್ತು. ನಾಮ ಬರೆಯೋದು ಮನಸ್ಸನ್ನ ಒಂದು ಗೂಟಕ್ಕೆ ಕಟ್ಟುತ್ತೆ, ಈ ಬರಹ ಗಂಟು ಬಿಚ್ಚುತ್ತೆ. ಅಮ್ಮ ಒಂದೇ ಪುಟದಲ್ಲಿ ಎರಡನ್ನೂ ಮಾಡ್ತಿದ್ದಾರೆ, ಯಾರೂ ಹೇಳಿಕೊಡದೆ.

ರಾತ್ರಿಪಾಳಿ · 11.28

ಸರಿ, ಆದ್ರೆ ತೀವ್ರ ಖಿನ್ನತೆಯಲ್ಲಿ ಇರೋರನ್ನ ಒಬ್ಬರೇ ಕೂರಿಸಿ ಬರೆಸೋದು ಔಷಧಿ ಅಲ್ಲ. ಬರೆದದ್ದನ್ನೇ ಸುತ್ತಿ ಸುತ್ತಿ ಯೋಚಿಸೋ ಅಪಾಯ ಇದೆ. ಚಿಕಿತ್ಸೆ ಜೊತೆಗೆ ಇರಲಿ.

ಶುಕ್ರವಾರದಭಜನೆ · ಮಂಗಳವಾರ, ಬೆಳಿಗ್ಗೆ 5.50

ನಾನು ಬೇರೆ ಊರಿನ ಒಂದು ಭಜನಾ ಮಂಡಳಿ ನಡೆಸೋಳು, ಹದಿನಾರು ವರ್ಷದಿಂದ. ನಮ್ಮಲ್ಲಿ ಹೆಚ್ಚಿನವರು ಗಂಡ ಹೋದವರು, ಮಕ್ಕಳು ದೂರ ಇರೋರು. ವಾರಕ್ಕೊಂದು ಸಲ ಇಸ್ತ್ರಿ ಸೀರೆ ಉಟ್ಟು ಮನೆಯಿಂದ ಹೊರಗೆ ಬರೋಕೆ ಅದೊಂದೇ ನೆಪ ಅವರಿಗೆ. ಅದನ್ನ ಕಡಿಮೆ ಅಂತ ತಿಳೀಬೇಡಿ.

ಆದ್ರೆ ನಮ್ಮಲ್ಲೂ "ನಾಮ ಇದ್ರೆ ಮಾತ್ರೆ ಯಾಕೆ" ಅಂತ ಮಾತು ಬಂದಿದೆ, ನಾನು ಕೇಳಿಸ್ಕೊಂಡು ಸುಮ್ನೆ ಕೂತಿದ್ದೀನಿ. ಅದು ನನ್ನ ತಪ್ಪು. ಬಿಪಿ ಮಾತ್ರೆ ನುಂಗಿಯೇ ಭಜನೆಗೆ ಕೂರ್ತೀವಿ, ಅದಕ್ಕೆ ಯಾರೂ ಅಡ್ಡ ಮಾತಾಡಲ್ಲ. ಈ ಶುಕ್ರವಾರ ಮಂಗಳಾರತಿ ಆದ ಮೇಲೆ ಎಲ್ಲರ ಎದುರು ಹೇಳ್ತೀನಿ. 14416 ಅಂತ ದೊಡ್ಡದಾಗಿ ಬರೆದು ಹಾಡಿನ ಪುಸ್ತಕದ ರಟ್ಟಿನ ಒಳಗೆ ಅಂಟಿಸ್ತೀನಿ.

ಇನ್ನೊಂದು. ದಿನಕ್ಕೆ ಸಾವಿರ ಬರೆದ್ರೂ ಕೋಟಿ ಮುಗಿಯೋಕೆ 27 ವರ್ಷ ಮೇಲೆ ಬೇಕು. 62ರಲ್ಲಿ ರಾಮಕೋಟಿ ಶುರು ಮಾಡಿದ ಹೆಂಗಸಿನ ಒಳಗೆ ಎಲ್ಲೋ ಬದುಕೋ ಆಸೆ ಇದೆ. ಅದನ್ನ ಹಿಡ್ಕೊಳ್ಳಿ ತಾಯಿ.

ಕಾರ್ಯಕಾರಣ · 7.15

ಪುಸ್ತಕ ಎತ್ತಿಡಿ ಅಂದಿದ್ದೆ. ಆ ಮಾತು ಬಿಡ್ತೀನಿ. ನಿಮ್ಮಂಥವರು ಎಲ್ಲ ಮಂಡಳೀಲೂ ಇರಬೇಕು.

ಸಂಪಿಗೆಮರ · ಭಾನುವಾರ, ರಾತ್ರಿ 9.05

ಇಷ್ಟು ದಿನ ಬರೆಯೋಕಾಗಲಿಲ್ಲ, ಕ್ಷಮಿಸಿ. ವಾರ ರಜೆ ಹಾಕಿ ಅಮ್ಮನ ಜೊತೆಗೇ ಇದ್ದೀನಿ.

ಸೋಮವಾರ ರಾತ್ರಿಯೇ ಕೇಳಿದೆ. ಹುರುಳಿಕಾಯಿ ಸೋಸ್ತಾ ಕೂತಿದ್ರು. ಪುಸ್ತಕ ಓದಿದೆ ಅಂದೆ. ತುಂಬ ಕೋಪ ಬಂತು ಅಮ್ಮನಿಗೆ. "ಅದು ರಾಮನಿಗೆ ಹೇಳಿದ್ದು, ನಿನಗಲ್ಲ" ಅಂದ್ರು. ಎದ್ದು ಒಳಗೆ ಹೋದ್ರು, ಊಟಕ್ಕೂ ಮಾತಿಲ್ಲ. ಮಲಗೋ ಹೊತ್ತಿಗೆ ರಾತ್ರಿಪಾಳಿ ಅಕ್ಕ ಹೇಳಿದ ಹಾಗೆ ನೇರವಾಗಿ ಕೇಳಿದೆ, ಗಂಟಲು ಕಟ್ಟಿಹೋಗಿತ್ತು. ಸುಮಾರು ಹೊತ್ತು ಫ್ಯಾನ್ ನೋಡ್ತಾ ಮಲಗಿದ್ರು. ಆಮೇಲೆ "ಸಾಯ್ಬೇಕು ಅಂತ ಅಲ್ಲ ಕಣೆ. ಬೆಳಿಗ್ಗೆ ಏಳೋದು ಬೇಡ ಅನ್ನಿಸುತ್ತೆ" ಅಂದ್ರು.

ಮಾರನೇ ದಿನ ಡಾಕ್ಟರ ಹತ್ರ ಹೋದ್ವಿ. ಪುಸ್ತಕ ತೋರಿಸ್ಲಾ ಅಂತ ಅಮ್ಮನನ್ನ ಕೇಳಿದೆ, ಅವರೇ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಪುಟ ತಿರುವಿ, "ಇದನ್ನ ಬಿಡಬೇಡಿ. ಆದ್ರೆ ನಿದ್ದೆ ಇಲ್ಲ ಅನ್ನೋದನ್ನ ರಾಮನ ಜೊತೆ ನನಗೂ ಹೇಳಬೇಕು" ಅಂದ್ರು. ಮಾತ್ರೆ ಕಡಿಮೆ ಡೋಸ್‌ನಿಂದ ಮತ್ತೆ ಶುರುವಾಗಿದೆ. ವಾರದ ಲೆಕ್ಕದಲ್ಲಿ ಪಕ್ಕದ ಮನೆ ಆಂಟಿ ಹತ್ರ ಇದೆ, ದಿನಾ ರಾತ್ರಿ ಅವರು ಕೊಟ್ಟು ಹೋಗ್ತಾರೆ. ಕೋಟಿಯ ಲೆಕ್ಕ ಅಮ್ಮನಿಗೆ ಓದಿ ಹೇಳಿದೆ. "27 ವರ್ಷಾನಾ" ಅಂತ ಇನ್ನೊಂದು ಸಲ ಕೇಳಿದ್ರು, ಅಷ್ಟೇ.

ನಿನ್ನೆ ಅಪ್ಪನ ಬೀರುವಿನಲ್ಲಿ ಬರೆಯದೇ ಉಳಿದಿದ್ದ ಒಂದು ಹಳೇ ಡೈರಿ ಸಿಕ್ತು. ಬೇರೆ ಮಾತಿಗೆ ಇದಿರಲಿ ಅಂತ ಕೊಟ್ಟೆ. ಇವತ್ತು ಬೆಳಿಗ್ಗೆ ಅವರೇ ಕರೆದು ಮೊದಲ ಪುಟ ತೋರಿಸಿದ್ರು. ಅದೇ ಹಸಿರು ಇಂಕು. "ಹುರುಳಿಕಾಯಿ ಪಲ್ಯ ಮಾಡಿದೆ. ಉಪ್ಪು ಜಾಸ್ತಿ ಆಯ್ತು. ಮಗಳು ತಿಂದಳು."

ರಾತ್ರಿಪಾಳಿ · 9.17

ಮತ್ತೆ ಯಾವಾಗ ಬರೋಕೆ ಹೇಳಿದ್ದಾರೆ ಡಾಕ್ಟರು?

ಸಂಪಿಗೆಮರ · 9.20

ಎರಡು ವಾರಕ್ಕೆ. ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.